ಆಮೇಲೆ ನೆನಪಿಸಿ

ಯಂತ್ರ ಕೂಗಿಕೊಂಡಾಗ ಯಂತ್ರದ ಕಡೆ ಓಡಬಾರದು, ಮಂಚದ ಮೇಲಿರುವವರ ಮುಖ ನೋಡಬೇಕು. ತೀವ್ರ ನಿಗಾ ಘಟಕದಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಸಿಸ್ಟರ್ ಕಲಿತದ್ದೂ ಕಲಿಸಿದ್ದೂ ಇದೇ ಪಾಠ. ಅಲ್ಲಿ ಪ್ರತಿ ಮಂಚದ ತಲೆದೆಸೆಯಲ್ಲಿ ನಾಲ್ಕು ಯಂತ್ರ, ಒಂದೊಂದಕ್ಕೂ ಅದರದ್ದೇ ರಾಗ. ಬೆರಳಿನ ಕ್ಲಿಪ್ ಜಾರಿದರೂ ಕೂಗುತ್ತದೆ, ರೋಗಿ ಮಗ್ಗುಲು ಬದಲಿಸಿದರೂ ಕೂಗುತ್ತದೆ, ಸಲೈನ್ ಮುಗಿಯಲು ಇನ್ನೂ ಅರ್ಧ ಗಂಟೆ ಇರುವಾಗಲೇ ಊರು ಮುಳುಗಿಹೋಯಿತೆಂಬಂತೆ ಬೊಬ್ಬೆ ಹೊಡೆಯುತ್ತದೆ. ಹೊಸದಾಗಿ ಬಂದ ನರ್ಸುಗಳು ಪರದೆಯ ಕೆಂಪು ಅಂಕಿ ನೋಡಿಯೇ ಬೆವರುತ್ತಿದ್ದರು. ಸಿಸ್ಟರ್ ಮಾತ್ರ ರೋಗಿಯ ತುಟಿಯ ಬಣ್ಣ ನೋಡಿ, ಎದೆ ಏರಿಳಿಯುವುದನ್ನು ಗಮನಿಸಿ, ಪಾದ ಮುಟ್ಟಿ, ಎಲ್ಲ ಸರಿಯಿದೆ ಎಂದಾದರೆ ಕೈಚಾಚಿ ಯಂತ್ರದ ಬಾಯಿ ಮುಚ್ಚಿಸುತ್ತಿದ್ದಳು. "ರೋಗಿ ಚೆನ್ನಾಗಿದ್ದಾರೆ. ಇದಕ್ಕೇನು, ಅರಚೋದೇ ಕೆಲಸ," ಅನ್ನುತ್ತಿದ್ದಳು. ಅವಳ ಅಂದಾಜು ತಪ್ಪಿದ್ದನ್ನು ವಾರ್ಡಿನಲ್ಲಿ ಕಂಡವರಿಲ್ಲ.

ಆಸ್ಪತ್ರೆಗೆ ಸಲ್ಲುವ ಈ ಬುದ್ಧಿಯನ್ನು ಅವಳು ಮನೆಗೂ ತಂದಳು. ಕೆಟ್ಟದ್ದಾದದ್ದು ಅಲ್ಲಿಂದಲೇ.

ಮನೆಯಲ್ಲಿದ್ದವರು ಮೂವರು. ಸಿಸ್ಟರ್, ಅವಳ ಗಂಡ, ಗಂಡನ ತಾಯಿ. ಗಂಡ ಕಾರು ಕಲಿಸುವ ಮಾಸ್ತರು. ಕಲಿಸುತ್ತಿದ್ದ ಎನ್ನಬೇಕು, ಬೆಳಿಗ್ಗೆಯಿಂದ ಸಂಜೆಯವರೆಗೆ ಪಕ್ಕದ ಸೀಟಿನಲ್ಲಿ ಕೂತು "ಕ್ಲಚ್ಚು, ಕ್ಲಚ್ಚು, ಕಾಲು ಬಿಡಬೇಡಮ್ಮ" ಎಂದು ಹೇಳಿ ಹೇಳಿಯೇ ಜೀವನ ಮಾಡಿದ ಮನುಷ್ಯ. ಆ ಗಂಟಲಿಗೇ ಹುಣ್ಣು ಬಂತು. ದನಿಪೆಟ್ಟಿಗೆಯನ್ನೇ ತೆಗೆದುಹಾಕಬೇಕಾಯಿತು. ಈಗ ಕೊರಳಿನ ಬುಡದಲ್ಲಿ ಒಂದು ರಂಧ್ರ, ಉಸಿರಾಟವೆಲ್ಲ ಅದರ ಮೂಲಕ. ಬಾಯಿ ಆಡುತ್ತದೆ, ಆದರೆ ಸದ್ದಿಲ್ಲ. ಕೊರಳಿಗೆ ಒತ್ತಿ ಹಿಡಿದು ಮಾತಾಡುವ ಒಂದು ಸಲಕರಣೆಯನ್ನು ಕೊಟ್ಟಿದ್ದರು. ಅದರಿಂದ ಬಂದ ಗೊರಗೊರ ಕೇಳಿ ಮಾಸ್ತರು ಅದನ್ನು ಬೀರುವಿನೊಳಗೆ ತುರುಕಿ ಮತ್ತೆ ಮುಟ್ಟಲಿಲ್ಲ.

ಅತ್ತೆಗೆ ಎಂಬತ್ತೆರಡು. ಕಣ್ಣು ಪೂರ್ತಿ ಹೋಗಿ ಒಂಬತ್ತು ವರ್ಷ. ಆದರೆ ನೆನಪು ಮತ್ತು ಕಿವಿ ಎರಡೂ ಚುರುಕು. ಮೆಟ್ಟಿಲು ಹತ್ತುವ ಸಪ್ಪಳದಲ್ಲೇ ಇದು ಕೆಳಮನೆಯವರು, ಇದು ಗ್ಯಾಸಿನವನು ಎಂದು ಹೇಳುತ್ತಿದ್ದರು. ಮಗನನ್ನು ಅವರು ಇಂದಿಗೂ ಪುಟ್ಟು ಎಂದೇ ಕರೆಯುತ್ತಿದ್ದುದು. ಪುಟ್ಟುವಿಗೆ ಐವತ್ತಾರು.

ಆ ಪುಟ್ಟುವಿಗೆ ದನಿಯೇ ಇಲ್ಲ ಎಂಬುದು ಅತ್ತೆಗೆ ಗೊತ್ತಿರಲಿಲ್ಲ. ಮುಚ್ಚಿಟ್ಟವಳು ಸಿಸ್ಟರ್. ಮಾಸ್ತರರ ಆಪರೇಷನ್ ನಿಶ್ಚಯವಾದಾಗ ಅತ್ತೆಯ ಚಿಕ್ಕ ಮಗ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅತ್ತೆ ಆಗಷ್ಟೇ ಎರಡು ಹೊತ್ತು ಊಟ ಮಾಡಲು ಶುರು ಮಾಡಿದ್ದರು. "ಇನ್ನೊಂದು ಪೆಟ್ಟು ಅವರು ತಡ್ಕೊಳ್ಳಲ್ಲ," ಎಂದಳು ಸಿಸ್ಟರ್. ಮಾಸ್ತರು ಹೇಳಿಬಿಡೋಣ ಅಂದರು, ಅವಳು ಬೇಡ ಅಂದಳು. ರೋಗ, ಔಷಧಿ, ಆಸ್ಪತ್ರೆಯ ವಿಷಯದಲ್ಲಿ ಆ ಮನೆಯಲ್ಲಿ ಅವಳ ಮಾತೇ ಕೊನೆಯ ಮಾತು.

ಆಪರೇಷನ್ನಿಗೆ ಮುಂಚೆ ಮಾಸ್ತರು ದನಿ ಚಿಕಿತ್ಸಾಲಯದ ಗಾಳಿಯಾಡದ ಪುಟ್ಟ ಕೋಣೆಯಲ್ಲಿ ಆರು ದಿನ ಕೂತು ಸಾವಿರದ ಆರುನೂರು ವಾಕ್ಯ ಓದಿದರು. ಅವನ್ನೆಲ್ಲ ಸೇರಿಸಿ ಒಂದು ಕಂಪನಿ ಅವರದ್ದೇ ದನಿಯನ್ನು ಕಟ್ಟಿಕೊಟ್ಟಿತು. ಅಂಗೈಗಿಂತ ತುಸು ದೊಡ್ಡದಾದ ಟ್ಯಾಬಿನಲ್ಲಿ ಬೆರಳಾಡಿಸಿ ಬರೆದರೆ ಸಾಕು, ಆ ಬರಹ ಎಲ್ಲೋ ದೂರದಲ್ಲಿರುವ ಕಂಪನಿಯ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಮಾಸ್ತರರ ದನಿಯಾಗಿ ವಾಪಸು ಬಂದು, ಅವರ ಅಂಗಿಯ ಜೇಬಿನಲ್ಲಿದ್ದ ಸಣ್ಣ ಸ್ಪೀಕರಿನಲ್ಲಿ ಮಾತಾಗುತ್ತಿತ್ತು. ಅದೇ ಎಳೆತ, ಅದೇ ಸ್ವಲ್ಪ ಮೂಗಿನ ದನಿ. ಮೊದಲ ಸಲ ಕೇಳಿದಾಗ ಸಿಸ್ಟರ್ ಚಿಕಿತ್ಸಾಲಯದ ಬಚ್ಚಲಿಗೆ ಹೋಗಿ ಅತ್ತು ಬಂದಿದ್ದಳು.

ಹದಿನೆಂಟು ದಿನ ಬೇರೆ ಊರಿನಲ್ಲಿ ತರಬೇತಿಗೆ ಹೋಗಿದ್ದಾನೆ ಎಂದು ಸಿಸ್ಟರ್ ಹೇಳಿ ನಂಬಿಸಿದ್ದ ಮಗ ಮರಳಿ ಬಂದು "ಅಮ್ಮ, ಬಂದೆ" ಎಂದಾಗ ಅತ್ತೆಗೆ ಯಾವ ಅನುಮಾನವೂ ಬರಲಿಲ್ಲ. ದೂರುಗಳು ಮಾತ್ರ ಇದ್ದವು. "ಏನು ಕೇಳಿದ್ರೂ ಯೋಚನೆ ಮಾಡಿ ಉತ್ತರ ಕೊಡ್ತಾನೆ ಈಗೀಗ. ಸಾಹೇಬನಾಗಿದಾನೆ," ಅನ್ನುತ್ತಿದ್ದರು. ನಗು ಒಂದೇ ಸಲ ರೆಕಾರ್ಡ್ ಆಗಿದ್ದರಿಂದ ಮಾಸ್ತರರ ಹತ್ತಿರ ಇದ್ದದ್ದು ಒಂದೇ ನಗು. ಅದನ್ನೇ ಎಲ್ಲದಕ್ಕೂ ಖರ್ಚು ಮಾಡುತ್ತಿದ್ದರು. "ಇವನೇನು, ನಗೋದಕ್ಕೂ ಸೋಮಾರಿತನ," ಎಂದು ಅತ್ತೆ ಸಿಸ್ಟರ್ ಕಡೆ ತಿರುಗಿ ಹೇಳುತ್ತಿದ್ದರು. ಕಾಲರಿನ ಗುಂಡಿ ಹಾಕಿಕೊಂಡು, ಮೇಲೊಂದು ಹತ್ತಿ ಬಟ್ಟೆ ಸುತ್ತಿಕೊಂಡು ಮಾಸ್ತರು ಪಕ್ಕದಲ್ಲಿ ಕೂತಿರುತ್ತಿದ್ದರು. ಉಸಿರು ಸುಯ್ಗುಡುವುದಕ್ಕೆ ಧೂಳಿನ ಅಲರ್ಜಿ ಎಂದು ಸಿಸ್ಟರ್ ನೆಪ ಹೇಳಿದ್ದಳು. ಮನೆಗೆ ಬರುವವರಿಗೆಲ್ಲ ಬಾಗಿಲಲ್ಲೇ ತಾಕೀತಾಗುತ್ತಿತ್ತು. ಹೀಗೆ ಮೂರು ವರ್ಷ ನಡೆದುಹೋಯಿತು. ಸುಳ್ಳೊಂದು ಮನೆಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಸಂಸಾರ ಮಾಡಬಲ್ಲದು ಎಂದು ಸಿಸ್ಟರಿಗೇ ಆಶ್ಚರ್ಯ.

ಆ ಸುಳ್ಳು ಒಂದೇ ಒಂದು ಸಲ ಕೈಕೊಡುವುದರಲ್ಲಿತ್ತು. ಮೊದಲ ವರ್ಷವೇ ಒಂದು ಬೆಳಿಗ್ಗೆ ಟ್ಯಾಬು ಯಾರನ್ನೂ ಕೇಳದೆ ತನ್ನಷ್ಟಕ್ಕೆ ಅಪ್‌ಡೇಟ್ ಶುರುಮಾಡಿಕೊಂಡು ನಲವತ್ತು ನಿಮಿಷ ಕಪ್ಪಗೆ ಕೂತುಬಿಟ್ಟಿತು. ಅಷ್ಟೂ ಹೊತ್ತು ಅತ್ತೆ ಒಳಗಿನಿಂದ "ಪುಟ್ಟೂ" ಎಂದು ಕರೆಯುತ್ತಲೇ ಇದ್ದರು. ಮಾಸ್ತರು ಕೋಣೆಯಿಂದ ದೂರ, ಹಜಾರದಲ್ಲಿ ನಿಂತು ಬಾಯಿ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದರು. "ಸ್ನಾನಕ್ಕೆ ಹೋಗಿದಾರೆ ಅತ್ತೆ" ಎಂದು ಸಿಸ್ಟರ್ ಅವರ ಪಕ್ಕದಲ್ಲೇ ನಿಂತು ಹೇಳಬೇಕಾಯಿತು. ಅವತ್ತೇ ಅವಳು ಸೆಟ್ಟಿಂಗ್ಸಿಗೆ ಹೋಗಿ ತನ್ನಷ್ಟಕ್ಕೆ ಆಗುವ ಅಪ್‌ಡೇಟನ್ನು ನಿಲ್ಲಿಸಿದಳು. ಇನ್ನು ಮೇಲೆ ತನ್ನನ್ನು ಕೇಳದೆ ಯಾರೂ ಏನನ್ನೂ ಒತ್ತಕೂಡದು ಎಂದು ಕಟ್ಟುನಿಟ್ಟು ಮಾಡಿದಳು.

ಈಗ ಈ ವರ್ಷದ ಸಂಗತಿ.

ಒಂದು ಮಧ್ಯಾಹ್ನ ಮಾಸ್ತರು ಹಳೇ ಕಾರುಗಳ ವಿಡಿಯೋ ಹುಡುಕುತ್ತ ಎಲ್ಲೋ ಬೆರಳಿಟ್ಟರು. ಟ್ಯಾಬಿನ ಪರದೆ ಪೂರ್ತಿ ಕೆಂಪಾಯಿತು. ಸೈರನ್ ಹೊಡೆದುಕೊಂಡಿತು. ನಿಮ್ಮ ಸಾಧನದಲ್ಲಿ ಐದು ವೈರಸ್‌ಗಳಿವೆ, ಆಫ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಕರೆ ಮಾಡಿ ಎಂದು ದಪ್ಪಕ್ಷರ ಕುಣಿಯುತ್ತಿತ್ತು. ಅತ್ತೆ ಗಾಬರಿಯಾಗಿ, "ಏನದು, ಎಲ್ಲಾದ್ರೂ ಬೆಂಕಿ ಬಿತ್ತಾ?" ಎಂದರು. ಅಡುಗೆಮನೆಯಿಂದ ಬಂದ ಸಿಸ್ಟರ್ ಕೈ ಒರೆಸಿಕೊಂಡು ಟ್ಯಾಬನ್ನು ಇಸಿದುಕೊಂಡಳು, ಗುಂಡಿ ಒತ್ತಿಹಿಡಿದು ಪೂರ್ತಿ ಆರಿಸಿದಳು, ಮತ್ತೆ ಹಚ್ಚಿದಳು. "ಏನಾದ್ರೂ ಮಾತಾಡಿ," ಎಂದಳು ಮೆಲ್ಲಗೆ. ಮಾಸ್ತರು ಬರೆದರು. "ಏನಿಲ್ಲ ಅಮ್ಮ, ಟಿವಿ ಜೋರಾಯ್ತು," ಎಂದಿತು ಅವರ ದನಿ, ಎಂದಿನಂತೆ.

"ನೋಡಿ, ರೋಗಿ ಚೆನ್ನಾಗಿದ್ದಾರೆ," ಎಂದಳು ಸಿಸ್ಟರ್. "ಇಂಥವೆಲ್ಲ ಹೆದರಿಸಿ ಫೋನ್ ಮಾಡಿಸೋಕೆ. ನಿಜವಾದವರು ಹೀಗೆ ಅರಚ್ತಾರಾ?"

ಅವಳು ಮಾಡಿದ್ದು ಸರಿಯೇ. ಅದು ಮೋಸದ ಎಚ್ಚರಿಕೆಯೇ ಆಗಿತ್ತು. ಮರುದಿನ ಆಸ್ಪತ್ರೆಯ ಕಂಪ್ಯೂಟರು ನೋಡಿಕೊಳ್ಳುವವನಿಗೆ ಹೇಳಿದಾಗ ಅವನೂ ಭೇಷ್ ಎಂದ. ಸಿಸ್ಟರ್ ಒಳಗೊಳಗೇ ಬೆನ್ನು ತಟ್ಟಿಕೊಂಡಳು. ಒಮ್ಮೆ ಸರಿಯಾದದ್ದು ಯಾವಾಗಲೂ ಸರಿಯಾಗುತ್ತದೆ ಎಂದು ನಂಬುವುದಕ್ಕೆ ಅಷ್ಟು ಸಾಕಾಯಿತು.

ಹತ್ತು ದಿನ ಕಳೆದಿರಬಹುದು. ಮಾತಾಡಿಸುವ ಆ ಆ್ಯಪನ್ನು ತೆರೆದಾಗ ಕೆಳಗಡೆ ಒಂದು ಬೂದು ಪಟ್ಟಿ ಕಾಣಿಸಿಕೊಂಡಿತು. ಸೈರನ್ ಇಲ್ಲ, ಕೆಂಪಿಲ್ಲ, ಫೋನ್ ನಂಬರಿಲ್ಲ. ಈ ಆವೃತ್ತಿಯಲ್ಲಿ ಭದ್ರತಾ ದೋಷ ಪತ್ತೆಯಾಗಿದೆ. ತಿಂಗಳ ಮೂವತ್ತರ ನಂತರ ಹಳೆಯ ಸಂಗ್ರಹವನ್ನು ಮುಚ್ಚಲಾಗುವುದು. ನಿಮ್ಮ ದನಿಯನ್ನು ಹೊಸ ಸಂಗ್ರಹಕ್ಕೆ ಸಾಗಿಸಲು ಅಪ್‌ಡೇಟ್ ಮಾಡಿ. ಸಾಗಿಸದ ದನಿಗಳನ್ನು ಅಳಿಸಲಾಗುವುದು. ಕೆಳಗೆ ಎರಡು ಗುಂಡಿ: ಈಗಲೇ ಮಾಡಿ, ಆಮೇಲೆ ನೆನಪಿಸಿ.

ಮಾಸ್ತರು ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದರು. ಸ್ಪೀಕರಿನ ಸದ್ದು ಕಡಿಮೆ ಮಾಡಿ, "ಇದು ನಿಜ ಅನ್ಸುತ್ತೆ. ಒತ್ಲಾ?" ಎಂದು ಮಾತಾಡಿಸಿದರು.

ಸಿಸ್ಟರ್ ಓದಿದಳು. ಅಳಿಸಲಾಗುವುದು ಎಂಬ ಪದ ಕಂಡೊಡನೆ ಅವಳ ಎದೆ ಧಸಕ್ ಎಂದಿತು. ಧಸಕ್ ಎನ್ನಿಸುವುದೇ ಇವರ ಕಸುಬು ಎಂದು ಆ ಗಳಿಗೆಯೇ ಸಿಟ್ಟೂ ಬಂತು. ಕಳೆದ ಸಲ ಅರಚಿ ಆಗಲಿಲ್ಲ, ಈ ಸಲ ಮೆಲ್ಲಗೆ ಹೇಳಿ ನೋಡುತ್ತಿದ್ದಾರೆ.

"ತಾರೀಖು ಹಾಕಿ ಹೆದರಿಸ್ತಾರೆ ನೋಡಿ. ಈಗ ಮಾತಾಡಿದ್ರಲ್ಲ, ದನಿ ಸರಿಯಾಗೇ ಇದೆಯಲ್ಲ?"

"ಇದೆ."

"ಮತ್ತೆ? ಏನೂ ಆಗದೇ ಇರೋದಕ್ಕೆ ಔಷಧಿ ಯಾಕೆ?"

ಮಾಸ್ತರು ಸ್ವಲ್ಪ ಹೊತ್ತು ಬರೆದರು, ಅಳಿಸಿದರು, ಮತ್ತೆ ಬರೆದರು. "ಇದು ಎಲ್ಲೋ ಹೊರಗಿಂದ ಬಂದದ್ದಲ್ಲ. ಆ್ಯಪಿನ ಒಳಗೇ ಇದೆ. ಚಿಕಿತ್ಸಾಲಯಕ್ಕೆ ಒಂದು ಫೋನ್ ಮಾಡಿ ಕೇಳು."

ನಿಜವೋ ಸುಳ್ಳೋ ತಿಳಿಯುವ ದಾರಿ ಅದೊಂದೇ, ಅದನ್ನು ಅವರು ನೇರವಾಗಿ ಹೇಳಿದ್ದರು. ತಾವೇ ಫೋನ್ ಮಾಡೋಣವೆಂದರೆ, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಅವರು ಬರೆಯುವಷ್ಟರಲ್ಲಿ ಆ ಕಡೆಯವರು ಹಲೋ ಹಲೋ ಎಂದು ಇಟ್ಟುಬಿಡುತ್ತಿದ್ದರು. ಆದ್ದರಿಂದ ಎಲ್ಲ ಫೋನೂ ಸಿಸ್ಟರ್ ಪಾಲಿನದ್ದೇ. "ಮಾಡ್ತೀನಿ," ಎಂದಳು. "ಅಲ್ಲಿವರೆಗೆ ಒತ್ಬೇಡಿ. ಒತ್ತಿ ಮತ್ತೆ ಅವತ್ತಿನ ಥರ ಕಪ್ಪಗಾಗಿ ಕೂತ್ರೆ ಅತ್ತೆಗೆ ಏನು ಹೇಳೋದು?"

ಅವಳ ಬೆರಳೇ ಆಮೇಲೆ ನೆನಪಿಸಿ ಎಂಬುದನ್ನು ಒತ್ತಿತು.

ಆ ವಾರ ವಾರ್ಡಿನಲ್ಲಿ ಒಂದು ಮಂಚವೂ ಖಾಲಿಯಿರಲಿಲ್ಲ. ಇಬ್ಬರು ನರ್ಸುಗಳು ರಜೆಯಲ್ಲಿದ್ದರು. ಊಟದ ಡಬ್ಬಿ ತೆರೆಯುವುದಕ್ಕೇ ಪುರಸೊತ್ತಿಲ್ಲದ ದಿನಗಳು. ಚಿಕಿತ್ಸಾಲಯದ ನಂಬರಿರುವ ಕಾರ್ಡು ಅವಳ ಪರ್ಸಿನಲ್ಲೇ ಇತ್ತು. ಒಮ್ಮೆ ಕಂಪ್ಯೂಟರಿನವನು ಎದುರಾದಾಗ ಲಿಫ್ಟಿನ ಬಾಗಿಲಲ್ಲಿ ನಿಂತೇ ಕೇಳಿದಳು. ಅವನು, "ನೋಡದೇ ಹೇಗೆ ಹೇಳ್ಲಿ ಸಿಸ್ಟರ್? ಎಷ್ಟೋ ನಿಜವಾದವೂ ಇರ್ತಾವೆ. ಫೋಟೋ ತೆಕ್ಕೊಂಡು ಬನ್ನಿ, ಅಥವಾ ಆ ಕಂಪನಿಯವರನ್ನೇ ಕೇಳಿ," ಎಂದ. ಆಗಲಿ ಎಂದಳು. ಮನೆಗೆ ಹೋಗಿ ನೋಡಿದರೆ ಮಾಸ್ತರರ ದನಿ ಚೆನ್ನಾಗಿಯೇ ಇತ್ತು, ಅತ್ತೆಯ ಜೊತೆ ಹವಾಮಾನದ ಬಗ್ಗೆ ಹರಟುತ್ತಿತ್ತು. ಫೋಟೋ ಮರೆತೇಹೋಯಿತು.

ಪಟ್ಟಿ ಮತ್ತೆ ಮೂರು ಸಲ ಬಂತು. ಮಾಸ್ತರು ಮೂರು ಸಲವೂ ಅವಳಿಗೆ ತೋರಿಸಿದರು. ಮೂರನೆಯ ಸಲ ಅವರು ಏನನ್ನೂ ಬರೆಯಲಿಲ್ಲ, ಸುಮ್ಮನೆ ಟ್ಯಾಬನ್ನು ಅವಳ ಮುಂದೆ ಹಿಡಿದು ನಿಂತರು. ಅವಳು ಡ್ಯೂಟಿಗೆ ಹೊರಡುವ ಆತುರದಲ್ಲಿದ್ದಳು. "ರೀ, ನಾನು ಹೇಳಿದ್ನಲ್ಲ. ಇವರಿಗೆ ಸೊಪ್ಪು ಹಾಕ್ಬಾರದು," ಎಂದು ಬೆರಳಾಡಿಸಿ ಚಪ್ಪಲಿ ಮೆಟ್ಟಿಕೊಂಡಳು. ಅವರು ಬೇಕಿದ್ದರೆ ಅವಳು ಹೋದಮೇಲೆ ತಾವೇ ಒತ್ತಬಹುದಿತ್ತು. ಒತ್ತಲಿಲ್ಲ. ಹೆಂಡತಿಯ ಮಾತು ಮೀರಿ ಅಭ್ಯಾಸವಿಲ್ಲದ ಮನುಷ್ಯ.

ಒಂದನೇ ತಾರೀಖು ಬೆಳಿಗ್ಗೆ ಅತ್ತೆ ಎದ್ದು ಕೂತು ಎಂದಿನಂತೆ ಕರೆದರು. "ಪುಟ್ಟೂ, ಎದ್ಯಾ?"

ಮಾಸ್ತರು ಬರೆದರು. ಜೇಬಿನಿಂದ ಗಟ್ಟಿಯಾದ, ನಯವಾದ, ಎಲ್ಲ ಅಕ್ಷರವನ್ನೂ ಬಿಡಿಸಿ ಹೇಳುವ ಯಾವನೋ ಒಬ್ಬ ಗಂಡಸು, "ಎದ್ದೆ ಅಮ್ಮ," ಎಂದ.

ಸಿಸ್ಟರ್ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಮಾಸ್ತರು ತಮ್ಮ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡರು.

"ಯಾರದು?" ಎಂದರು ಅತ್ತೆ.

"ರೇಡಿಯೋ ಅತ್ತೆ."

"ರೇಡಿಯೋ ನನ್ನನ್ನ ಅಮ್ಮ ಅನ್ನುತ್ತಾ?"

ಸಿಸ್ಟರ್ ಬಾಯಿಗೆ ಬಂದದ್ದನ್ನು ಹೇಳಿದಳು. ಅದು ನಾಟಕ, ಅದರಲ್ಲಿ ಯಾರೋ ಯಾರಿಗೋ ಅಂದದ್ದು. ಇವರಿಗೆ ಗಂಟಲು ಕಟ್ಟಿದೆ, ಡಾಕ್ಟರು ಒಂದು ವಾರ ತುಟಿ ಬಿಚ್ಚಬೇಡಿ ಅಂದಿದ್ದಾರೆ. ಅತ್ತೆ ಕಿವಿಯನ್ನು ಬಾಗಿಲ ಕಡೆ ತಿರುಗಿಸಿ ಕೂತರು. ಹಜಾರಕ್ಕೆ ಬಂದು ಗಂಡ ಹೆಂಡತಿ ಬಾಗಿಲು ಮುಚ್ಚಿಕೊಂಡು ಅಪ್‌ಡೇಟ್ ಗುಂಡಿ ಒತ್ತಿದರು. ಒಂಬತ್ತೇ ನಿಮಿಷದಲ್ಲಿ ಮುಗಿಯಿತು. ಕಪ್ಪಗಾಗಲೂ ಇಲ್ಲ. ಎಲ್ಲ ಮುಗಿದ ಮೇಲೆ ಪರದೆಯ ಮೇಲೆ ಬಂತು: ನಿಮ್ಮ ಹೆಸರಿನಲ್ಲಿ ಯಾವುದೇ ದನಿ ಇಲ್ಲ. ಕೆಳಗಿನವುಗಳಿಂದ ಒಂದನ್ನು ಆರಿಸಿಕೊಳ್ಳಿ.

ಸಿಸ್ಟರ್ ಅವತ್ತು ಡ್ಯೂಟಿಗೆ ಹೋಗಲಿಲ್ಲ. ಚಿಕಿತ್ಸಾಲಯಕ್ಕೆ ಹೋದಳು. ದಾರಿಯುದ್ದಕ್ಕೂ, ಏನಾದರೂ ದಾರಿಯಿರುತ್ತದೆ, ಇಂಥದ್ದಕ್ಕೆಲ್ಲ ಒಂದು ದಾರಿಯಿರಲೇಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಐಸಿಯು ಬಾಗಿಲಲ್ಲಿ ರೋಗಿಗಳ ಮನೆಯವರು ಹೀಗೇ ಹೇಳಿಕೊಳ್ಳುವುದನ್ನು ಅವಳು ಸಾವಿರ ಸಲ ಕೇಳಿದ್ದಳು.

ಅಲ್ಲಿಯ ದನಿ ತಜ್ಞೆ ಒಳ್ಳೆಯ ಹೆಂಗಸು. ಕೂರಿಸಿ ನೀರು ಕೊಟ್ಟಳು. ತನ್ನ ಕಂಪ್ಯೂಟರಿನಲ್ಲಿ ಹುಡುಕಿದಳು, ಕಂಪನಿಗೆ ಫೋನ್ ಹಚ್ಚಿ ಅರ್ಧ ಗಂಟೆ ಮಾತಾಡಿದಳು. ಹಳೆಯ ಸಂಗ್ರಹಕ್ಕೆ ಕಳ್ಳರು ನುಗ್ಗುವ ಸಂದು ಸಿಕ್ಕಿತ್ತಂತೆ. ರೋಗಿಗಳ ದನಿ ಕದ್ದು ಅವರ ಮನೆಯವರಿಗೇ ಫೋನ್ ಮಾಡಿ ಮೋಸ ಮಾಡಬಹುದೆಂಬ ಭಯಕ್ಕೆ ಅದನ್ನು ಪೂರ್ತಿ ಬರಿದು ಮಾಡಿದ್ದರಂತೆ.

"ಸೂಚನೆ ಬಂದಿತ್ತಲ್ಲ?" ಎಂದಳು ತಜ್ಞೆ.

"ಬಂದಿತ್ತು."

"ಅನುಮಾನ ಬಂದದ್ದು ತಪ್ಪಲ್ಲ ಸಿಸ್ಟರ್. ಬರಬೇಕು. ಆದ್ರೆ ಅನುಮಾನ ಬಂದ್ರೆ ನಮ್ಮನ್ನ ಕೇಳ್ಬೇಕಿತ್ತು. ಕಾರ್ಡಿನಲ್ಲಿ ನಂಬರಿದೆಯಲ್ಲ. ಒಂದೇ ಒಂದು ಫೋನು."

"ಇವರು ಓದಿದ ಸಾವಿರದ ಆರುನೂರು ವಾಕ್ಯ? ಅದು ನಿಮ್ಮ ಹತ್ರ ಇರ್ಬೇಕಲ್ವಾ?"

ತಜ್ಞೆ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಎರಡು ವರ್ಷ ಇಟ್ಟುಕೊಂಡು ಆಮೇಲೆ ಅಳಿಸುತ್ತೇವೆ, ಬೇಕಿದ್ದವರು ಪ್ರತಿ ಒಯ್ಯಬಹುದು ಎಂದು ಅದರಲ್ಲಿತ್ತು. ಕೆಳಗೆ ಸಹಿ ಸಿಸ್ಟರದ್ದೇ. ಆಗ ಅವಳಿಗೆ ಆಪರೇಷನ್ನಿನದ್ದೇ ಯೋಚನೆ, ಕೊಟ್ಟ ಕಡೆಯೆಲ್ಲ ಸಹಿ ಹಾಕಿದ್ದಳು. ಹಳೇ ಫೋನಿನಲ್ಲಿ ಎಲ್ಲಾದರೂ ಅವರ ದನಿ ಇದೆಯಾ ಎಂದು ತಜ್ಞೆ ಕೇಳಿದಳು. ಒಂದು ವಿಡಿಯೋ ಇತ್ತು. ಯಾರೋ ಕಲಿಯುವವಳು ಸ್ಟಿಯರಿಂಗ್ ಹಿಡಿದು ನಗುತ್ತಿದ್ದಾಳೆ, ಮಾಸ್ತರು ಕಾಣುವುದಿಲ್ಲ, ಇಂಜಿನ್ನಿನ ಗದ್ದಲದ ನಡುವೆ ಹನ್ನೊಂದು ಸೆಕೆಂಡು ಅವರ ದನಿ ಮಾತ್ರ: ನಿಧಾನ, ನಿಧಾನ, ಎಡಕ್ಕೆ. ತಜ್ಞೆ ಎರಡು ಸಲ ಕೇಳಿಸಿಕೊಂಡು ತಲೆಯಾಡಿಸಿದಳು. ಇದರಿಂದ ಏನನ್ನೂ ಕಟ್ಟಲಾಗದು.

ಸಿಸ್ಟರ್ ಮನೆಗೆ ನಡೆದೇ ಬಂದಳು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗಿತ್ತು. ಇಪ್ಪತ್ತಾರು ವರ್ಷ ಯಂತ್ರಗಳ ಬಾಯಿ ಮುಚ್ಚಿಸಿ ಹೆಮ್ಮೆಪಟ್ಟಿದ್ದಳಲ್ಲ, ಆಗ ರೋಗಿ ಅವಳ ಕಣ್ಣೆದುರೇ ಮಲಗಿರುತ್ತಿದ್ದ, ತುಟಿಯ ಬಣ್ಣ ಕಾಣುತ್ತಿತ್ತು. ಇಲ್ಲಿ ರೋಗಿ ಇದ್ದದ್ದು ಅವಳು ಎಂದೂ ನೋಡದ ಯಾವುದೋ ಊರಿನ ಕಂಪ್ಯೂಟರಿನಲ್ಲಿ. ಅವಳು ಮುಟ್ಟಿ ನೋಡಿದ್ದು ಸ್ಪೀಕರನ್ನು. ಇಷ್ಟು ಸಣ್ಣ ವಿಷಯ ಆಗ ಹೊಳೆಯಲಿಲ್ಲ.

ಮನೆಯಲ್ಲಿ ಮಾಸ್ತರು ಹಜಾರದ ಕುರ್ಚಿಯಲ್ಲಿ ಕೂತಿದ್ದರು. ಅವಳ ಮುಖ ನೋಡಿಯೇ ಅವರಿಗೆ ತಿಳಿಯಿತು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಸ್ಪೀಕರ್ ಆರಿಸಿ, ಟ್ಯಾಬಿನಲ್ಲಿ ಬರೆದು ಅವಳ ಕಡೆ ತಿರುಗಿಸಿದರು. ಅಮ್ಮನಿಗೆ ಹೇಳೋಣ.

"ಒಂದೆರಡು ದಿನ ತಾಳಿ. ಗಂಟಲು ಕಟ್ಟಿದೆ ಅಂತ ಹೇಳಿದೀನಿ. ಯೋಚನೆ ಮಾಡೋಣ."

ಎಷ್ಟು ದಿನ ಕಟ್ಟಿರುತ್ತೆ? ಎಂದು ಬರೆದರು. ಅವರು ಮತ್ತೆ ಬರೆದರು. ಬೆಳಿಗ್ಗೆಯಿಂದ ನನ್ನನ್ನ ಕರೀತಾನೇ ಇದ್ದಾಳೆ. ನಾನು ಬಾಗಿಲಲ್ಲಿ ನಿಂತಿದೀನಿ ಅಂತ ಅವಳಿಗೆ ಗೊತ್ತು. ಉಸಿರಿನ ಸದ್ದು ಕೇಳಿಸುತ್ತೆ. ಈ ಸಲ ನನ್ನ ಮಾತು ಕೇಳು.

ಒಳಗೆ ಹೋದರು. ಅತ್ತೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಮಧ್ಯಾಹ್ನದ ತಟ್ಟೆ ಮುಚ್ಚಿದ್ದ ಹಾಗೇ ಇತ್ತು. ಮಾಸ್ತರು ಅವರ ಎದುರು ನೆಲದ ಮೇಲೆ ಮಂಡಿಯೂರಿ, ಕೊರಳಿನ ಬಟ್ಟೆ ಬಿಚ್ಚಿ, ಕಾಲರಿನ ಗುಂಡಿ ತೆಗೆದು, ತಾಯಿಯ ಕೈ ಹಿಡಿದು ತಮ್ಮ ಕೊರಳಿಗೆ ಒಯ್ದರು.

ಅತ್ತೆಯ ಬೆರಳು ರಂಧ್ರದ ಅಂಚಿಗೆ ತಾಗಿ ನಿಂತಿತು. ಬೆರಳಿನ ಮೇಲೆ ಬಿಸಿಯುಸಿರು ಬಂತು. ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಸುತ್ತ ಸವರಿ, ಒಮ್ಮೆ ಅವರ ಗಲ್ಲ, ಮೂಗು, ಹುಬ್ಬು ಮುಟ್ಟಿ, ಮತ್ತೆ ಕೊರಳಿಗೇ ಬಂದರು.

"ಇದೇನಿದು?" ಎಂದರು. ಕೇಳಿದ್ದು ಮಗನನ್ನಲ್ಲ, ಸೊಸೆಯನ್ನು.

ಸಿಸ್ಟರ್ ಹೇಳಿದಳು. ಹುಣ್ಣು, ಆಪರೇಷನ್, ದನಿ ಕಟ್ಟಿಸಿದ್ದು, ಟ್ಯಾಬು, ಜೇಬಿನ ಸ್ಪೀಕರು. ಎಚ್ಚರಿಕೆ ಬಂದದ್ದನ್ನೂ ತಾನು ಅದನ್ನು ನಂಬದೆ ದೂಡಿದ್ದನ್ನೂ ಹೇಳಿದಳು. ರೋಗಿಗಳ ಮನೆಯವರಿಗೆ ಕೆಟ್ಟ ಸುದ್ದಿ ಹೇಳುವಾಗ ಬರುತ್ತಿದ್ದ ಮೆತ್ತನೆಯ ದನಿ ಅವಳಿಗೆ ಇವತ್ತು ಬರಲಿಲ್ಲ. ಮಾತು ತಡವರಿಸುತ್ತಿತ್ತು.

"ಯಾವಾಗ ಆದದ್ದು?"

"ಮೂರು ವರ್ಷ ಎರಡು ತಿಂಗಳು ಆಯ್ತು ಅತ್ತೆ."

"ಹಾಗಾದ್ರೆ ಮೊನ್ನೆ ನನ್ನ ಜೊತೆ ಮಾತಾಡಿದ್ದು?"

"ಯಂತ್ರ. ಆದ್ರೆ ಮಾತೆಲ್ಲ ಅವರದ್ದೇ ಅತ್ತೆ. ಅವರೇ ಬರೆದದ್ದು. ದನಿನೂ ಅವರದ್ದೇ ಆಗಿತ್ತು."

"ಆಗಿತ್ತು," ಎಂದರು ಅತ್ತೆ. ಒಂದು ಕೈ ಮಗನ ತಲೆಯ ಮೇಲಿತ್ತು, ಕೂದಲಿನಲ್ಲಿ ಬೆರಳು ಆಡುತ್ತಿತ್ತು. ಮಾಸ್ತರರ ಭುಜ ಅಲುಗುತ್ತಿತ್ತು. ಅವರ ಅಳುವಿಗೂ ಸದ್ದಿರಲಿಲ್ಲ, ಕೊರಳಿನಿಂದ ಗಾಳಿ ಮಾತ್ರ ಬಿಕ್ಕಿ ಬಿಕ್ಕಿ ಹೊರಬರುತ್ತಿತ್ತು. ಹತ್ತಿರ ಹೋಗಬೇಕೋ ಬೇಡವೋ ತಿಳಿಯದೆ ಸಿಸ್ಟರ್ ಗೋಡೆಗೆ ಒರಗಿ ನಿಂತಿದ್ದಳು.

"ಚಿಕ್ಕೋನು ಹೋದಾಗ ಅತ್ತಿದ್ದೆ," ಎಂದರು ಅತ್ತೆ. "ಇವನ ದನಿ ಹೋದಾಗಲೂ ಅಳ್ತಿದ್ದೆ. ಸತ್ತೇನೂ ಹೋಗ್ತಿರಲಿಲ್ಲ. ನೀನು ಯಾಕೆ ನನ್ನ ಪರವಾಗಿ ತೀರ್ಮಾನ ಮಾಡ್ದೆ?"

"ನಿಮಗೆ ತಡ್ಕೊಳ್ಳೋಕೆ ಆಗಲ್ಲ ಅಂತ..."

"ಹತ್ರ ಬಾ."

ಸಿಸ್ಟರ್ ಹೋಗಿ ಬಗ್ಗಿದಳು. ಅತ್ತೆಯ ಇನ್ನೊಂದು ಕೈ ಗಾಳಿಯಲ್ಲಿ ತಡಕಾಡಿ, ಅವಳ ಭುಜ ಸಿಕ್ಕಿ, ಅಲ್ಲಿಂದ ಮೇಲೆ ಸರಿದು ಅವಳ ಗಂಟಲಿನ ಮೇಲೆ ನಿಂತಿತು. ಒಣಗಿದ, ತಣ್ಣಗಿನ ನಾಲ್ಕು ಬೆರಳು.

"ಮಾತಾಡು. ಇದು ನೀನೇನಾ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

"ನಾನೇ ಅತ್ತೆ," ಎಂದಳು ಸಿಸ್ಟರ್. ತನ್ನ ಗಂಟಲು ಆ ಬೆರಳುಗಳ ಕೆಳಗೆ ನಡುಗುವುದು ಅವಳಿಗೇ ತಿಳಿಯಿತು.

"ಇವನ ನಿಜವಾದ ದನಿ ನಾನು ಕೊನೆಗೆ ಕೇಳಿದ್ದು ಯಾವತ್ತು? ಆಸ್ಪತ್ರೆಗೆ ಹೋಗೋವಾಗ ನಂಗೆ ಏನು ಹೇಳಿ ಹೋದ?"

ಸಿಸ್ಟರ್ ಗಂಡನ ಕಡೆ ನೋಡಿದಳು. ಅವರು ತಲೆಯೆತ್ತಿ ಅವಳನ್ನೇ ನೋಡುತ್ತಿದ್ದರು, ತುಟಿ ಆಡಿಸಲಿಲ್ಲ. ಹೇಳುವುದನ್ನು ಅವಳಿಗೇ ಬಿಟ್ಟಿದ್ದರು. ಹೋಗಿ ಬರ್ತೀನಿ ಅಮ್ಮ ಅಂದ್ರು, ನೀವು ತಲೆ ಸವರಿ ಕಳಿಸಿದ್ರಿ ಎಂದು ಒಂದು ಮಾತು ಹೇಳಿದ್ದರೆ ಆ ಮುದುಕಿ ಅದನ್ನು ಹಿಡಿದುಕೊಂಡು ಉಳಿದ ಕಾಲ ಕಳೆಯುತ್ತಿದ್ದರೇನೋ. ಆ ಮಾತು ಸಿಸ್ಟರಿನ ನಾಲಿಗೆಯ ತುದಿಯವರೆಗೂ ಬಂತು. ಬೆರಳುಗಳು ಗಂಟಲಿನ ಮೇಲೆಯೇ ಇದ್ದವು.

"ಏನೂ ಹೇಳಲಿಲ್ಲ ಅತ್ತೆ," ಎಂದಳು. "ನೀವು ಮಲಗಿದ್ರಿ. ಅವರು ನಿಮ್ಮ ಬಾಗಿಲ ತನಕ ಬಂದಿದ್ರು, ಒಂದು ಸಲ ಕರೀತೀನಿ ಅಂದ್ರು. ಎಬ್ಬಿಸಬೇಡಿ ಅಂದೆ. ನಾನೇ ಅಂದೆ."

ಅತ್ತೆ ಅವಳ ಗಂಟಲಿನಿಂದ ಕೈ ತೆಗೆದರು.

"ಹ್ಞೂಂ. ಇದು ನಿಜ," ಎಂದು ಹೇಳಿ, ಮಗನ ತಲೆಯ ಮೇಲಿನ ಕೈಯನ್ನು ಅಲ್ಲೇ ಇಟ್ಟುಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿದರು.